ಮಗು ರಾತ್ರಿ ಮಲಗಬೇಕೆಂದರೆ: ಬಾಣಂತಿ ಕೋಣೆಯಿಂದ ಮೊದಲ ಹುಟ್ಟುಹಬ್ಬದವರೆಗೆ

ಅರಸೀಕೆರೆಯವರು ಕೇಳಿದರೂ ಇದೇ, ಕೊಪ್ಪದವರು ಕೇಳಿದರೂ ಇದೇ: "ಹಗಲೆಲ್ಲ ಕುಂಭಕರ್ಣನ ಹಾಗೆ ಮಲಗುತ್ತೆ, ರಾತ್ರಿ ಎರಡು ಗಂಟೆಗೊಂದು ಸಲ ಎದ್ದು ಮನೆಮಂದಿಯನ್ನೆಲ್ಲ ಎಬ್ಬಿಸುತ್ತೆ. ಏನು ಮಾಡೋದು?"

ಒಂದು ವಿಷಯ ಮೊದಲೇ ತಿಳಿದಿರಲಿ. ರಾತ್ರಿಯಲ್ಲಿ ಒಮ್ಮೆಯೂ ಎಚ್ಚರವಾಗದ ಮಗು ಇಲ್ಲ, ದೊಡ್ಡವರೂ ಇಲ್ಲ. ನಿದ್ದೆ ಸುತ್ತು ಸುತ್ತಾಗಿ ಬರುತ್ತದೆ. ನಮ್ಮದು ಸುಮಾರು 90 ನಿಮಿಷದ ಸುತ್ತು, ಎಳೆಗೂಸಿನದು ಸುಮಾರು 50 ನಿಮಿಷದ್ದು. ಸುತ್ತು ಮುಗಿದಾಗಲೆಲ್ಲ ಅರೆಗಳಿಗೆ ಎಚ್ಚರ. ನಾವು ಮಗ್ಗುಲು ಬದಲಿಸಿ, ದುಪ್ಪಟಿ ಎಳೆದುಕೊಂಡು ಮಲಗುತ್ತೇವೆ, ಬೆಳಗ್ಗೆ ನೆನಪೂ ಇರುವುದಿಲ್ಲ. ಕಣ್ಣು ಮುಚ್ಚುವಾಗ ಅಜ್ಜಿಯ ತೊಡೆಯ ಮೇಲೆ ತೂಗಿಸಿಕೊಳ್ಳುತ್ತಿದ್ದ ಮಗು, ಕಣ್ಣು ಬಿಟ್ಟಾಗ ಕತ್ತಲಲ್ಲಿ ಅಲುಗಾಡದ ಹಾಸಿಗೆಯ ಮೇಲಿರುತ್ತದೆ. ಅಳದೆ ಇನ್ನೇನು ಮಾಡೀತು? ಹಾಗಾಗಿ ಏಳದಂತೆ ಮಾಡುವುದು ನಮ್ಮ ಕೆಲಸವಲ್ಲ. ಎದ್ದಾಗ ಮತ್ತೆ ತಾನೇ ಮಲಗಲು ಬರುವಂತೆ ಮಾಡುವುದು ಕೆಲಸ. ರಾತ್ರಿ ಎಂಟಕ್ಕೆ ಮಗು ಹೇಗೆ ನಿದ್ದೆಗೆ ಇಳಿಯಿತೋ, ಎರಡು ಗಂಟೆಗೆ ಎದ್ದಾಗಲೂ ಅದನ್ನೇ ಕೇಳುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ.

ವೈದ್ಯಕೀಯ ಅಧ್ಯಯನಗಳಲ್ಲಿ "ರಾತ್ರಿಯಿಡೀ ಮಲಗಿತು" ಎಂದರೆ ಹೆಚ್ಚಾಗಿ ನಡುರಾತ್ರಿ 12ರಿಂದ ಬೆಳಗಿನ 5ರವರೆಗೆ, ಅಂದರೆ ಐದು ಗಂಟೆ ಮಾತ್ರ. ಹತ್ತು ಗಂಟೆಯ ಆಸೆ ಇಟ್ಟುಕೊಂಡವರಿಗೆ ಇದು ಬೇಸರದ ಸುದ್ದಿ, ಗೊತ್ತು. ದಿನದ ಒಟ್ಟು ನಿದ್ದೆಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಮೂರು ತಿಂಗಳವರೆಗೆ 14ರಿಂದ 17 ಗಂಟೆ, 4ರಿಂದ 11 ತಿಂಗಳಿಗೆ 12ರಿಂದ 16 ಗಂಟೆ. ಹಗಲಿನ ನಿದ್ದೆಯೂ ಇದರೊಳಗೇ ಬರುತ್ತದೆ. ಹಗಲು ಏಳು ಗಂಟೆ ಮಲಗಿದ ಎಂಟು ತಿಂಗಳ ಮಗುವಿನಿಂದ ರಾತ್ರಿ ಹತ್ತು ಗಂಟೆ ಕೇಳುವುದು ನ್ಯಾಯವಲ್ಲ.

ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಇಲ್ಲಿ ಹೇಳಿದ ವಯಸ್ಸುಗಳನ್ನು ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಿ. ಎರಡು ತಿಂಗಳು ಮುಂಚೆ ಹುಟ್ಟಿ ಈಗ ಆರು ತಿಂಗಳಾಗಿದ್ದರೆ, ನಿದ್ದೆಯ ಮಟ್ಟಿಗೆ ಅದು ನಾಲ್ಕು ತಿಂಗಳ ಮಗು.

ಹಂತ 1: ಮಲಗುವ ಜಾಗ

ಬೇಕಾದದ್ದು ಗಟ್ಟಿಯಾದ, ಮಟ್ಟಸವಾದ ಹಾಸಿಗೆ, ಬಿಗಿಯಾಗಿ ಹಾಸಿದ ಒಂದು ಬಟ್ಟೆ, ಅಷ್ಟೇ. ಅಂಗೈಯಿಂದ ಒತ್ತಿ ಕೈ ತೆಗೆದಾಗ ಗುಳಿ ಉಳಿದರೆ ಆ ಹಾಸಿಗೆ ಮೆತ್ತಗಾಯಿತು. ಹೊಸದಾಗಿ ಹತ್ತಿ ತುಂಬಿಸಿದ ಹಾಸಿಗೆಗಳಲ್ಲಿ ಈ ತೊಂದರೆ ಹೆಚ್ಚು. ಚಾಪೆಯ ಮೇಲೆ ಎರಡು ಮಡಿಕೆ ಹಳೆಯ ಜಮಖಾನ ಹಾಸಿದರೂ ಅದಕ್ಕಿಂತ ವಾಸಿ.

ತಲೆ ದುಂಡಗಾಗಲಿ ಎಂದು ಇಡುವ ಸಾಸಿವೆ ದಿಂಬು, ರಾಗಿ ದಿಂಬು ಎರಡೂ ಬೇಡ. ಒಂದು ವರ್ಷದವರೆಗೆ ಯಾವ ದಿಂಬೂ ಬೇಡ. ಮಗು ಬೀಳಬಾರದೆಂದು ಸುತ್ತಲೂ ದಿಂಬಿನ ಕೋಟೆ ಕಟ್ಟುವುದಂತೂ ಬೇಡವೇ ಬೇಡ. ಮುಖ ಅದಕ್ಕೆ ಒತ್ತಿಕೊಂಡರೆ ಎಳೆಗೂಸಿಗೆ ತಿರುಗಲು ಬರುವುದಿಲ್ಲ. ತಲೆಯ ಆಕಾರಕ್ಕೆ, ಹಗಲು ಎಚ್ಚರವಿದ್ದಾಗ ಕಣ್ಣಳತೆಯಲ್ಲಿ ಹೊಟ್ಟೆಯ ಮೇಲೆ ಮಲಗಿಸಿ ಆಡಿಸಿದರೆ ಸಾಕು. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ. ತಾನಾಗಿ ಎರಡೂ ಕಡೆ ಹೊರಳಲು ಕಲಿತ ಮೇಲೆ, ಅಂಗಾತ ಮಲಗಿಸಿ ಬಿಡಿ. ಆಮೇಲೆ ಅದು ಹೇಗೆ ತಿರುಗಿಕೊಂಡರೂ ಎಬ್ಬಿಸಿ ಸರಿಮಾಡಬೇಕಿಲ್ಲ.

ತೊಟ್ಟಿಲು ಮತ್ತು ಸೀರೆ ಜೋಲಿಯ ಬಗ್ಗೆ ಜಗಳವೇ ಆಗುತ್ತದೆ, ಆದ್ದರಿಂದ ಬಿಡಿಸಿ ಹೇಳುತ್ತೇವೆ. ತಳ ಮಟ್ಟಸವಾಗಿರುವ ಮರದ ತೊಟ್ಟಿಲು ಮೊದಲ ತಿಂಗಳುಗಳಿಗೆ ನಡೆಯುತ್ತದೆ. ಜಂತಿಗೆ ಕಟ್ಟಿದ ಸೀರೆ ಜೋಲಿಯಲ್ಲಿ ಬೆನ್ನು ಬಿಲ್ಲಿನಂತೆ ಬಾಗಿ ಗದ್ದ ಎದೆಗೆ ತಾಗುತ್ತದೆ. ಎಳೆಯ ಮಗುವಿನ ಉಸಿರಿನ ಕೊಳವೆ ಮಡಚಿಕೊಳ್ಳುವುದು ಹೀಗೆಯೇ. ಹಗಲು ಅಡುಗೆಮನೆಯಿಂದ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದರೆ ಹತ್ತು ನಿಮಿಷ ತೂಗಿ, ಕಣ್ಣು ಹತ್ತಿದ ಕೂಡಲೇ ಹಾಸಿಗೆಗೆ ಇಳಿಸಿ. ರಾತ್ರಿಗೆ ಜೋಲಿ ಬೇಡ. ಮಗು ಎದ್ದು ಕೂರಲು ಅಥವಾ ಅಂಚು ಹಿಡಿದು ಮೇಲೇಳಲು ಶುರುಮಾಡಿದ ದಿನ ತೊಟ್ಟಿಲು, ಜೋಲಿ ಎರಡನ್ನೂ ಬಿಚ್ಚಿ. ಬೀಳುವ ಅಪಾಯದ ಜೊತೆಗೆ ನಿದ್ದೆಯ ಲೆಕ್ಕದಲ್ಲೂ ತೊಟ್ಟಿಲಿನದು ಒಂದು ತಕರಾರು ಇದೆ. ತೂಗಿದರೆ ಮಾತ್ರ ಮಲಗುವ ಮಗು, ತೂಗುವುದು ನಿಂತಾಗ ಏಳುತ್ತದೆ.

ಮಗು ತಾಯಿಯ ಕೋಣೆಯಲ್ಲೇ, ಕೈಗೆ ಎಟುಕುವಷ್ಟು ಹತ್ತಿರ, ಆದರೆ ಬೇರೆ ಹಾಸಿಗೆಯಲ್ಲಿ ಮಲಗುವುದು ಒಳ್ಳೆಯದು; ಕಡೇಪಕ್ಷ ಆರು ತಿಂಗಳವರೆಗೆ. ಒಂದೇ ಹಾಸಿಗೆಯಲ್ಲಿ ಮಲಗುವ ಮನೆಗಳೇ ನಮ್ಮಲ್ಲಿ ಹೆಚ್ಚು, ಅದನ್ನು ಕಾಣದವರಂತೆ ಬರೆಯುವುದು ಸುಳ್ಳಾಗುತ್ತದೆ. ಹಾಗೆ ಮಲಗುವುದೇ ಆದರೆ ಹಾಸಿಗೆ ನೆಲದ ಮೇಲಿರಲಿ, ಗೋಡೆಗೂ ಹಾಸಿಗೆಗೂ ನಡುವೆ ಸಂದು ಇರದಿರಲಿ, ಮಗು ಅಪ್ಪ ಅಮ್ಮನ ನಡುವೆ ಬೇಡ, ಅಮ್ಮನ ಪಕ್ಕಕ್ಕಿರಲಿ, ಅವರ ರಗ್ಗು ಮಗುವಿನ ಎದೆಗಿಂತ ಮೇಲೆ ಬರದಿರಲಿ. ಜೊತೆಗೆ ಮಲಗುವವರು ಬೀಡಿ ಸಿಗರೇಟು ಸೇದುವವರಾಗಿದ್ದರೆ, ಕುಡಿದಿದ್ದರೆ, ನಿದ್ದೆ ಬರಿಸುವ ಮಾತ್ರೆ ತೆಗೆದುಕೊಂಡಿದ್ದರೆ, ಅಥವಾ ಮಗು ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ್ದರೆ ಒಂದೇ ಹಾಸಿಗೆ ಖಂಡಿತ ಬೇಡ. ಸೋಫಾದ ಮೇಲೆ ಮಗುವನ್ನು ಎದೆಗಾನಿಸಿಕೊಂಡು ತೂಕಡಿಸುವುದು ಇವೆಲ್ಲಕ್ಕಿಂತ ಅಪಾಯ.

ಸೊಳ್ಳೆಗೆ ಛತ್ರಿಯಂಥ ಪರದೆ ಸಾಕು. ಕಾಯಿಲ್ ಹಚ್ಚಬೇಡಿ.

ಹಂತ 2: ಚಳಿ, ಬಟ್ಟೆ, ಹೊಗೆ

ಜನವರಿಯ ಸಕಲೇಶಪುರದಲ್ಲಿ, ಜುಲೈನ ಶೃಂಗೇರಿಯಲ್ಲಿ ಮಗುವಿಗೆ ಚಳಿಯಾಗುತ್ತದೆಂಬ ಭಯ ಸಹಜ. ಆದರೆ ಈ ಕಡೆಯ ಮನೆಗಳಲ್ಲಿ ಚಳಿಗಿಂತ ಸೆಕೆಯಿಂದ ಏಳುವ ಮಕ್ಕಳೇ ಹೆಚ್ಚು. ಕುಲಾವಿ, ಕಿವಿಗೆ ಹತ್ತಿ, ಸ್ವೆಟರ್, ಅದರ ಮೇಲೆ ಟವೆಲ್, ಅದರ ಮೇಲೆ ಕಂಬಳಿ! ಮಗು ತಲೆಯ ಮೂಲಕವೇ ಸಾಕಷ್ಟು ಬಿಸಿ ಬಿಟ್ಟುಕೊಡುತ್ತದೆ. ಮನೆಯೊಳಗೆ ಮಲಗುವಾಗ ಟೋಪಿ ಹಾಕಿದರೆ ಆ ದಾರಿ ಮುಚ್ಚಿದಂತೆ. ಅತಿ ಬಿಸಿ ಎಳೆಮಕ್ಕಳ ಹಠಾತ್ ಸಾವಿನ ಅಪಾಯವನ್ನು ಹೆಚ್ಚಿಸುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುವುದು. (ಹುಟ್ಟಿದ ಮೊದಲ ದಿನಗಳಲ್ಲಿ, ಕಡಿಮೆ ತೂಕದ ಮಕ್ಕಳಿಗೆ ಆಸ್ಪತ್ರೆಯವರು ಟೋಪಿ ಹಾಕಿ ಎಂದಿದ್ದರೆ ಅವರ ಮಾತೇ ನಡೆಯಲಿ.)

ಕೈಕಾಲು ತಣ್ಣಗಿರುವುದನ್ನು ನೋಡಿ ಬಟ್ಟೆ ಸೇರಿಸಬೇಡಿ. ಎಳೆಮಕ್ಕಳ ಕೈಕಾಲು ತಣ್ಣಗೇ ಇರುತ್ತವೆ. ಎರಡು ಬೆರಳನ್ನು ಕತ್ತಿನ ಹಿಂಭಾಗಕ್ಕೆ, ಅಂಗಿಯೊಳಗೆ ಇಳಿಸಿ ನೋಡಿ. ಬೆಚ್ಚಗೆ, ಒಣಗಿದಂತಿದ್ದರೆ ಸರಿ. ಬೆವರಿನ ಪಸೆ ಹತ್ತಿದರೆ ಒಂದು ಪದರ ತೆಗೆಯಿರಿ. ನಿಮಗೆಷ್ಟು ಬಟ್ಟೆ ಬೇಕೋ ಅದಕ್ಕಿಂತ ಒಂದು ಪದರ ಹೆಚ್ಚು, ಅಷ್ಟೇ ಮಗುವಿಗೆ ಬೇಕಾದದ್ದು.

ಕಂಬಳಿಯ ಬದಲಿಗೆ ಮಲಗುವ ಚೀಲ ಹೊಲಿಸಿಕೊಳ್ಳಿ. ತೋಳಿಲ್ಲದ ಉದ್ದ ಅಂಗಿಯ ತಳವನ್ನು ಹೊಲಿದು ಮುಚ್ಚಿದರೆ ಹೇಗೋ ಹಾಗೆ. ಊರಿನ ಯಾವ ಟೈಲರ್ ಕೂಡ ಒಂದು ಗಂಟೆಯಲ್ಲಿ ಹೊಲಿದು ಕೊಡುತ್ತಾರೆ. ಅಳತೆ ಹೇಳುವಾಗ ಮೂರು ವಿಷಯ ನೆನಪಿರಲಿ. ಉದ್ದ, ಭುಜದಿಂದ ಹಿಮ್ಮಡಿಯವರೆಗೆ ಅಳೆದು ಅದಕ್ಕೆ 10 ಸೆಂಟಿಮೀಟರ್ ಸೇರಿಸಿ. ಕತ್ತು, ಜಿಪ್ ಹಾಕಿದ ಮೇಲೆ ಎರಡು ಬೆರಳು ಹಿಡಿಯುವಷ್ಟು ಮಾತ್ರ. ಅದಕ್ಕಿಂತ ಸಡಿಲವಾದರೆ ತಲೆ ಒಳಗೆ ಜಾರುತ್ತದೆ. ತಳದ ಅಗಲ, ಮಗು ಕಪ್ಪೆಯ ಹಾಗೆ ಮಂಡಿ ಅಗಲಿಸಿ ಮಲಗಿದರೂ ಬಿಗಿಯಾಗದಷ್ಟು. ಲಾಡಿ, ಟೋಪಿ, ಒಳಗೆ ತುಂಬಿದ ಹತ್ತಿ ಯಾವುದೂ ಬೇಡ. ಬೇಸಿಗೆಗೆ ಹಳೆಯ ಪಂಚೆ ಬಟ್ಟೆ, ಮಳೆ ಚಳಿಗೆ ಫ್ಲಾನೆಲ್. ಮಳೆಗಾಲದಲ್ಲಿ ಏನೂ ಒಣಗುವುದಿಲ್ಲವಾದ್ದರಿಂದ ಮೂರು ಹೊಲಿಸಿ.

ಎಳೆಗೂಸನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸುವವರು ಸೊಂಟದಿಂದ ಕೆಳಗೆ ಸಡಿಲ ಬಿಡಿ. ಕಾಲುಗಳನ್ನು ನೇರಮಾಡಿ ಬಿಗಿದರೆ ಸೊಂಟದ ಕೀಲು ತಪ್ಪಬಹುದು. ಮಗು ಮಗ್ಗುಲಾಗುವ ಲಕ್ಷಣ ತೋರಿಸಿದ ದಿನವೇ ಸುತ್ತುವುದನ್ನು ನಿಲ್ಲಿಸಿ.

ಹೊಗೆಯ ಮಾತು. ಮಂಚದಡಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಕಿಟಕಿ ಮುಚ್ಚಿದರೆ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ, ವಾಸನೆ ಇಲ್ಲ. ತಾಯಿ ಮಗು ಇಬ್ಬರೂ ಎಚ್ಚರವಾಗದೆ ಹೋಗಬಹುದು. ಕೋಣೆ ಬಿಸಿಯಾಗಬೇಕಿದ್ದರೆ ಮೊದಲೇ ಕಾಯಿಸಿ, ಮಲಗುವಾಗ ಅಗ್ಗಿಷ್ಟಿಕೆ ಹೊರಗಿಡಿ. ಸ್ನಾನದ ನಂತರದ ಸಾಂಬ್ರಾಣಿಯ ಹೊಗೆಯೂ ಮಗುವಿನ ಮೂಗು ಕಟ್ಟಿಸುತ್ತದೆ, ಮೂಗು ಕಟ್ಟಿದ ಮಗು ರಾತ್ರಿ ಮಲಗುವುದಿಲ್ಲ. ದೇವರ ಕೋಣೆಯಲ್ಲಿ ಹಾಕಿ, ಮಗುವಿನ ಮೇಲೆ ಬೇಡ.

ಹಂತ 3: ಮೊದಲ ಮೂರು ತಿಂಗಳು, ಹಗಲನ್ನು ಹಗಲು ಮಾಡುವುದು

ಈ ವಯಸ್ಸಿನಲ್ಲಿ ಕಲಿಸುವ ಕೆಲಸವೇನೂ ಇಲ್ಲ. ಹೊಟ್ಟೆ ಚಿಕ್ಕದು, ದಿನಕ್ಕೆ 8ರಿಂದ 12 ಸಲ ಹಾಲು ಬೇಕು, ಅದರಲ್ಲಿ ಕೆಲವು ರಾತ್ರಿಯವೇ. ಹುಟ್ಟಿದ ತೂಕ ಮರಳಿ ಬರುವವರೆಗೆ, ಅಂದರೆ ಸಾಮಾನ್ಯವಾಗಿ ಎರಡು ವಾರದವರೆಗೆ, ನಾಲ್ಕು ಗಂಟೆಗಿಂತ ಹೆಚ್ಚು ಮಲಗಿದರೆ ನೀವೇ ಎಬ್ಬಿಸಿ ಕುಡಿಸಬೇಕು.

ಆದರೆ ರಾತ್ರಿ ಯಾವುದು ಹಗಲು ಯಾವುದು ಎಂದು ಮಗುವಿನ ದೇಹ ಕಲಿಯುವುದು ಈ ತಿಂಗಳುಗಳಲ್ಲೇ. ಕಲಿಯುವುದು ಬೆಳಕು ನೋಡಿ. ಇಲ್ಲೇ ನಮ್ಮ ಬಾಣಂತನ ಅಡ್ಡ ಬರುತ್ತದೆ. ಗಾಳಿ ಸೋಕಬಾರದೆಂದು ಕಿಟಕಿ ಮುಚ್ಚಿದ ಕತ್ತಲೆ ಕೋಣೆ. ಬೆಳಗ್ಗೆ ಹತ್ತಕ್ಕೆ ಎಣ್ಣೆ ನೀವಿ, ಹಂಡೆಯ ಬಿಸಿನೀರು ಹೊಯ್ದು, ಹೊದಿಸಿ ಮಲಗಿಸಿದರೆ ಮೂರು ನಾಲ್ಕು ಗಂಟೆ ಅಲುಗಾಟವಿಲ್ಲ. "ಸ್ನಾನ ಆದ್ಮೇಲೆ ಎಷ್ಟ್ ಚೆನ್ನಾಗಿ ಮಲಗ್ತು ನೋಡು" ಎಂದು ಎಲ್ಲರಿಗೂ ಖುಷಿ. ರಾತ್ರಿಯ ನಿದ್ದೆ ಅಲ್ಲೇ ಖರ್ಚಾಗಿರುತ್ತದೆ.

ಬಾಣಂತನ ಬಿಡಬೇಕಿಲ್ಲ, ಸ್ವಲ್ಪ ತಿದ್ದಿದರೆ ಸಾಕು. ಬೆಳಗ್ಗೆ ಏಳಕ್ಕೆ ಕಿಟಕಿ ತೆರೆಯಿರಿ. ಗಾಳಿಯ ಭಯವಿದ್ದರೆ ಗಾಜು ಮುಚ್ಚಿಯೇ ಇರಲಿ, ಬೆಳಕು ಬಂದರೆ ಸಾಕು. ಹಗಲಿನ ನಿದ್ದೆ ಬೆಳಕಿರುವ ಪಡಸಾಲೆಯಲ್ಲಿ, ಪಾತ್ರೆಯ ಸದ್ದು, ಮಾತಿನ ನಡುವೆಯೇ ಆಗಲಿ. ಎರಡೂವರೆ ಗಂಟೆ ದಾಟಿದರೆ ಎಬ್ಬಿಸಿ ಹಾಲು ಕೊಡಿ. ಹೆರಿಗೆಯಾದ ಆರು ವಾರ ಕಳೆದ ಮೇಲೆ ಸ್ನಾನವನ್ನು ಸಂಜೆ ಐದೂವರೆ, ಆರಕ್ಕೆ ತಂದು ನೋಡಿ. ನೀರು ಹೊಯ್ಯಲು ಬರುವ ಅಮ್ಮನಿಗೆ ಆ ಹೊತ್ತು ಆಗದಿದ್ದರೆ ಬೆಳಗಿನದನ್ನು ಹಾಗೇ ಇಟ್ಟು, ಸಂಜೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿದರೂ ನಡೆಯುತ್ತದೆ.

ರಾತ್ರಿ ಹಾಲು ಕೊಡುವಾಗ ಝೀರೋ ಬಲ್ಬಿನ ಬೆಳಕು, ಮಾತಿಲ್ಲ, ಆಟವಿಲ್ಲ. ಲಂಗೋಟಿ ಒದ್ದೆಯಾಗಿದ್ದರೆ ಹಾಲಿಗೆ ಮೊದಲೇ ಬದಲಿಸಿ; ಕುಡಿದು ಕಣ್ಣು ಮುಚ್ಚಿದ ಮೇಲೆ ಬದಲಿಸಿದರೆ ಪೂರಾ ಎಚ್ಚರವಾಗುತ್ತದೆ. ಕರೆಂಟು ಹೋದಾಗ ಮೊಬೈಲಿನ ಬೆಳಕು ಮುಖಕ್ಕೆ ಹಿಡಿಯುವವರು ಬಹಳ. ಟಾರ್ಚಿಗೆ ಹಳದಿ ಬಟ್ಟೆ ಸುತ್ತಿ ಗೋಡೆಗೆ ತಿರುಗಿಸಿಡಿ.

ನಿದ್ದೆಯಲ್ಲೇ ನರಳುವುದು, ಮುಲುಕುವುದು, ಕೈಕಾಲು ಒದರುವುದು ಎಚ್ಚರದ ಲಕ್ಷಣವಲ್ಲ. ಎಳೆಗೂಸಿನ ಅರ್ಧದಷ್ಟು ನಿದ್ದೆ ಹೀಗೆ ಚಡಪಡಿಸುತ್ತಲೇ ಸಾಗುವಂಥದ್ದು. ಸದ್ದು ಕೇಳಿದ ಕೂಡಲೇ ಎತ್ತಿಕೊಂಡರೆ ಮಲಗಿದ್ದ ಮಗುವನ್ನು ನೀವೇ ಎಬ್ಬಿಸಿದಂತೆ. ಮನಸ್ಸಿನಲ್ಲಿ ನೂರು ಎಣಿಸಿ. ನಿಜವಾದ ಅಳು ಬಂದರೆ ಎತ್ತಿ.

ಕಾಫಿಯ ಬಗ್ಗೆಯೂ ಇಲ್ಲೇ ಹೇಳಿಬಿಡಬೇಕು. ಬಾಬಾಬುಡನ್‌ಗಿರಿಯ ಬುಡದಲ್ಲಿದ್ದು ಕಾಫಿ ಬಿಡಿ ಎಂದರೆ ಕೇಳುವವರು ಯಾರು? ಬಿಡಬೇಡಿ, ಎರಡು ಲೋಟಕ್ಕೆ ನಿಲ್ಲಿಸಿ, ಎರಡನೆಯದು ಮಧ್ಯಾಹ್ನದೊಳಗೆ ಆಗಲಿ. ಕೆಫೀನ್ ಎದೆಹಾಲಿಗೆ ಇಳಿಯುತ್ತದೆ, ಹೊಸದಾಗಿ ಹುಟ್ಟಿದ ಮಗುವಿನ ಮೈಯಿಂದ ಅದು ಅರ್ಧ ಇಳಿಯಲು ಮೂರು ನಾಲ್ಕು ದಿನ ಹಿಡಿಯುತ್ತದೆ. ಆರು ತಿಂಗಳ ಹೊತ್ತಿಗೆ ಕೆಲವೇ ಗಂಟೆ ಸಾಕು. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡು ಪಟ್ಟು. ಮನೆಗೆ ತರುವ ಪುಡಿ ಯಾವುದೆಂದು ಒಮ್ಮೆ ನೋಡಿ.

ಹಂತ 4: ಮೂರನೇ ತಿಂಗಳಿಂದ ಐದರವರೆಗೆ, ತವರಿನಿಂದ ಗಂಡನ ಮನೆಗೆ

ಸುಮಾರು ನಾಲ್ಕನೇ ತಿಂಗಳಲ್ಲಿ ಮಗುವಿನ ನಿದ್ದೆ ದೊಡ್ಡವರ ಮಾದರಿಗೆ ಹೊರಳುತ್ತದೆ. ಸುತ್ತಿನ ನಡುವಿನ ಎಚ್ಚರ ಗಟ್ಟಿಯಾಗುತ್ತದೆ, ಚೆನ್ನಾಗಿ ಮಲಗುತ್ತಿದ್ದ ಮಗುವೂ ಒಂದೂವರೆ ಗಂಟೆಗೊಮ್ಮೆ ಏಳುತ್ತದೆ. ತವರಿನಿಂದ ಮಗುವನ್ನು ಕಳಿಸಿಕೊಡುವುದೂ ಇದೇ ಹೊತ್ತಿಗೆ. "ಅಲ್ಲಿ ಚೆನ್ನಾಗಿ ಮಲಗ್ತಿತ್ತು, ಇಲ್ಲಿಗೆ ಬಂದ್ಮೇಲೆ ದೃಷ್ಟಿ ಆಯ್ತು" ಎಂಬ ಮಾತು ಹುಟ್ಟುವುದು ಹೀಗೆ. ದೃಷ್ಟಿ ತೆಗೆಯಿರಿ, ಬೇಡವೆನ್ನುವುದಿಲ್ಲ. ಉಪ್ಪು ಮೆಣಸಿನಕಾಯಿಯ ಘಾಟು ಮಾತ್ರ ಮಗುವಿನ ಕೋಣೆಗೆ ಬರದಿರಲಿ.

ಹೊರಡುವಾಗ ಮಗು ಮಲಗುತ್ತಿದ್ದ ಹಾಸುಬಟ್ಟೆಯನ್ನು ಒಗೆಯದೆ ತನ್ನಿ, ವಾಸನೆ ಹಳೆಯದಾಗಿರಲಿ. ಮಲಗಿಸುವ ಹೊತ್ತು, ಹಾಡು, ಕ್ರಮ ಅಲ್ಲಿಯದೇ ಇಲ್ಲೂ ನಡೆಯಲಿ. ಮಲೆನಾಡಿನ ತೋಟದ ಮನೆಯಿಂದ ಹಾಸನ ಪೇಟೆಯ ಬೀದಿಮನೆಗೆ ಬಂದರೆ ಸದ್ದು ಬದಲಾಗುತ್ತದೆ. ಫ್ಯಾನನ್ನು ಗೋಡೆಯತ್ತ ತಿರುಗಿಸಿ ಸಣ್ಣಗೆ ಓಡಿಸಿದರೆ ಅದರ ಒಂದೇ ಸಮನಾದ ಗುಂಯ್‌ಗಾನ ಬಸ್ಸಿನ ಹಾರನ್ನನ್ನು ಮುಚ್ಚುತ್ತದೆ. ಹತ್ತು ದಿನ ಕೊಡಿ.

ಈ ವಯಸ್ಸಿನಿಂದ ಒಂದು ಅಭ್ಯಾಸ ಶುರುಮಾಡಬಹುದು. ದಿನಕ್ಕೆ ಒಂದು ಸಲ, ಬೆಳಗಿನ ಮೊದಲ ನಿದ್ದೆಗೆ, ಪೂರ್ತಿ ಮಲಗುವ ಮೊದಲೇ ಹಾಸಿಗೆಗೆ ಇಳಿಸಿ. ರೆಪ್ಪೆ ಭಾರವಾಗಿದೆ, ನೋಟ ನಿಂತಿದೆ, ಕಣ್ಣಿನ್ನೂ ಮುಚ್ಚಿಲ್ಲ, ಆ ಗಳಿಗೆ. ಅತ್ತರೆ ಎತ್ತಿಕೊಳ್ಳಿ, ನಾಳೆ ಮತ್ತೆ ನೋಡಿ. ಸೋತರೆ ನಷ್ಟವೇನೂ ಇಲ್ಲ.

ಹಂತ 5: ಸಂಜೆಯ ಕ್ರಮ

ಒಂದು ನಿದ್ದೆಯಿಂದ ಎದ್ದು ಮುಂದಿನ ನಿದ್ದೆಯವರೆಗೆ ಮಗು ತಡೆಯಬಲ್ಲ ಹೊತ್ತು ಅಂದಾಜು ಇಷ್ಟು: ಎರಡು ತಿಂಗಳಿಗೆ ಒಂದರಿಂದ ಒಂದೂವರೆ ಗಂಟೆ, ನಾಲ್ಕಕ್ಕೆ ಒಂದೂವರೆಯಿಂದ ಎರಡು, ಆರಕ್ಕೆ ಎರಡರಿಂದ ಎರಡೂವರೆ, ಒಂಬತ್ತಕ್ಕೆ ಮೂರು, ವರ್ಷಕ್ಕೆ ಮೂರೂವರೆಯಿಂದ ನಾಲ್ಕು. ಇದನ್ನು ದಾಟಿದರೆ ಮಗು ಸುಸ್ತಾಗಿ ಮಲಗುತ್ತದೆ ಎಂದುಕೊಳ್ಳುತ್ತೇವೆ. ಆಗುವುದು ತಿರುಗುಮುರುಗು. ದೇಹ ಎಚ್ಚರದ ರಸವನ್ನು ಸುರಿಸುತ್ತದೆ, ಮಗು ಕಿರುಚಿ, ಬೆನ್ನು ಬಗ್ಗಿಸಿ, ಹನ್ನೊಂದಕ್ಕೆ ಮಲಗಿ ಒಂದಕ್ಕೆ ಏಳುತ್ತದೆ.

ಏಳೆಂಟು ತಿಂಗಳ ಮಗುವಿಗೆ ನಡೆಯುವ ಒಂದು ಲೆಕ್ಕ: ಬೆಳಗ್ಗೆ 6.30ಕ್ಕೆ ಏಳುವುದು, 9ರಿಂದ ಒಂದು ಗಂಟೆಯ ನಿದ್ದೆ, 12.45ರಿಂದ ಒಂದೂವರೆ ಗಂಟೆ, 4.45ಕ್ಕೆ ಅರ್ಧ ಗಂಟೆಯ ಕೋಳಿನಿದ್ದೆ, 5.15ಕ್ಕೆ ಎಬ್ಬಿಸಲೇಬೇಕು. 6.30ಕ್ಕೆ ರಾಗಿ ಸರಿ, ಒಂದು ಚಮಚ ತುಪ್ಪ. 7ಕ್ಕೆ ಬಿಸಿನೀರು. 7.20ಕ್ಕೆ ಕೋಣೆಗೆ, ಬಾಗಿಲು ಅರೆಮುಚ್ಚಿ, ಲಂಗೋಟಿ, ಚೀಲ. 7.30ಕ್ಕೆ ಹಾಲು. ಹಾಲಾದ ಮೇಲೆ ಒಂದೇ ಲಾಲಿ, ದಿನವೂ ಅದೇ. 7.50ಕ್ಕೆ ಹಾಸಿಗೆ.

ಕ್ರಮವೆಂದರೆ 20ರಿಂದ 30 ನಿಮಿಷ, ನಾಲ್ಕೈದು ಕೆಲಸ, ಒಂದರ ಹಿಂದೆ ಒಂದು, ದಿನವೂ ಅದೇ ಸಾಲು. ಇದನ್ನು ಕೆಡಿಸುವವು ಎರಡು. ಒಂದು, ಪಡಸಾಲೆಯ ಟಿವಿ. ಇನ್ನೊಂದು, ಬೇಲೂರಿನಿಂದಲೋ ಹಾಸನದಿಂದಲೋ ಎಂಟೂಮುಕ್ಕಾಲಿನ ಬಸ್ಸಿಗೆ ಬಂದಿಳಿಯುವ ಅಪ್ಪ. ದಿನವೆಲ್ಲ ಮಗುವಿನ ಮುಖ ನೋಡಿಲ್ಲ, ಮಲಗುತ್ತಿದ್ದ ಮಗುವನ್ನು ಎತ್ತಿ ಆಡಿಸುತ್ತಾರೆ. ತಪ್ಪು ಎನ್ನಲು ಮನಸ್ಸು ಬರುವುದಿಲ್ಲ. ಬೆಳಗಿನ 6.30ರಿಂದ 7.30 ಅಪ್ಪನ ಹೊತ್ತು ಎಂದು ಕೊಟ್ಟುಬಿಡಿ.

ಹಂತ 6: ಆರು ತಿಂಗಳ ಮೇಲೆ, ಹನ್ನೆರಡು ರಾತ್ರಿ

ಎದ್ದಾಗ ಮತ್ತೆ ತಾನೇ ಮಲಗುವುದನ್ನು ಹನ್ನೆರಡು ರಾತ್ರಿಯಲ್ಲಿ ಕಲಿಸುವ ಹಂತ ಇದು. ಇದಕ್ಕೆ ಕೈಹಾಕುವ ಮೊದಲು ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಏರುತ್ತಿದೆಯೇ ನೋಡಿ, ಇಲ್ಲದಿದ್ದರೆ ಅಂಗನವಾಡಿಯಲ್ಲಿ ತೂಕ ಮಾಡಿಸಿ. ಜ್ವರ, ಲಸಿಕೆ, ಮದುವೆ, ಊರಿನ ಜಾತ್ರೆ ಇಲ್ಲದ ಎರಡು ವಾರ ಆರಿಸಿಕೊಳ್ಳಿ.

ಆಮೇಲೆ ಮನೆಯವರನ್ನು ಕೂರಿಸಿ ಮಾತಾಡಿ. ಈ ಹಂತ ಸೋಲುವುದು ಮಗುವಿನಿಂದಲ್ಲ, ಐದನೇ ರಾತ್ರಿ ಯಾರೋ ಒಬ್ಬರು ಎತ್ತಿಕೊಂಡು ಜಗಲಿಗೆ ಹೋಗುವುದರಿಂದ. "ಅತ್ತೆ, ಹನ್ನೆರಡೇ ದಿನ. ಆಮೇಲೂ ಆಗ್ಲಿಲ್ಲ ಅಂದ್ರೆ ನೀವು ಹೇಳಿದ ಹಾಗೇ" ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಲೈನ್ ಮನೆಗಳಲ್ಲಿ ಗೋಡೆಯಾಚೆ ಇನ್ನೊಂದು ಸಂಸಾರ ಮಲಗಿರುತ್ತದೆ; ಅವರಿಗೂ ಒಂದು ಮಾತು ಹೇಳಿಡಿ. ಮಗುವನ್ನು ಒಂಟಿಯಾಗಿ ಅಳಲು ಬಿಡುವ ವಿಧಾನಗಳನ್ನು ನಾವು ಇಲ್ಲಿ ಕೊಡುತ್ತಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಅವು ನಡೆಯುವುದೂ ಇಲ್ಲ.

1ರಿಂದ 3ನೇ ರಾತ್ರಿ: ಹಾಲು ಕುಡಿಯುತ್ತಾ ಚೀಪುವ ವೇಗ ಇಳಿಯುವುದನ್ನು ಕಾಯಿರಿ. ನುಂಗುವುದು ನಿಂತು ಬಾಯಿ ಸುಮ್ಮನೆ ಅದುರುವಾಗ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಳಗೆ ಜಾರಿಸಿ, ಹಿಡಿತ ಬಿಡಿಸಿ. ಎಳೆದರೆ ನಿಮಗೂ ನೋವು, ಮಗುವಿಗೂ ಎಚ್ಚರ. ಗದ್ದಕ್ಕೆ ಬೆರಳು ಮೆಲ್ಲಗೆ ಒತ್ತಿ ಹಿಡಿಯಿರಿ. ಮತ್ತೆ ತಡಕಾಡಿದರೆ ಕೊಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ಬಿಡಿಸಿ. ನಾಲ್ಕೈದು ಸಲ ಆಗುತ್ತದೆ. ಹಾಸಿಗೆಗೆ ಇಳಿಸುವಾಗ ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ತಲೆ. ತಲೆ ಮೊದಲು ಇಳಿದರೆ ಬಿದ್ದಂತಾಗಿ ಬೆಚ್ಚುತ್ತದೆ. ಅಂಗೈ ಎದೆಯ ಮೇಲಿಟ್ಟು ನಿಮಿಷಕ್ಕೆ ಸುಮಾರು ಅರವತ್ತರಂತೆ ತಟ್ಟಿ, ನಿದ್ದೆ ಹತ್ತುವವರೆಗೆ.

4ರಿಂದ 6ನೇ ರಾತ್ರಿ: ತಟ್ಟುವುದು ಸುಮ್ಮನಾಗುವವರೆಗೆ ಮಾತ್ರ. ಆಮೇಲೆ ಕೈ ಎದೆಯ ಮೇಲೆ ಭಾರವಾಗಿ, ಅಲುಗದೆ ಇರಲಿ.

7ರಿಂದ 9ನೇ ರಾತ್ರಿ: ಕೈ ಇಲ್ಲ. ಪಕ್ಕದಲ್ಲಿ ಕೂತು ದನಿ ಮಾತ್ರ, "ಷ್" ಎಂದೋ, ಲಾಲಿಯ ಒಂದು ಸಾಲೋ.

10ರಿಂದ 12ನೇ ರಾತ್ರಿ: ಒಂದು ಮಾರು ದೂರ, ಸದ್ದಿಲ್ಲದೆ. ಬೇಕಿದ್ದರೆ ಅವರೆಕಾಯಿ ಸುಲಿಯುತ್ತಾ ಕೂರಿ. ನೀವು ಮಗುವಿನ ಮುಖವನ್ನೇ ನೋಡುತ್ತಿದ್ದರೆ ಅದು ಮಾತಿಗೆ ಕರೆದಂತೆ.

ನಡುರಾತ್ರಿಯ ಪ್ರತಿ ಎಚ್ಚರಕ್ಕೂ ಆ ರಾತ್ರಿಯದೇ ವಿಧಾನ. ಅಳು ಏರಿ ಬಿಕ್ಕಳಿಕೆಗೆ ಹೋದರೆ ಎತ್ತಿ, ಸಮಾಧಾನ ಮಾಡಿ, ಎಚ್ಚರವಿರುವಾಗಲೇ ಮತ್ತೆ ಇಳಿಸಿ. ಮೂರರಿಂದ ಐದನೇ ರಾತ್ರಿಯ ನಡುವೆ ಒಮ್ಮೆ ಎಲ್ಲವೂ ಮೊದಲಿಗಿಂತ ಕೆಡುತ್ತದೆ. ಹಳೆಯ ದಾರಿ ಮುಚ್ಚಿದೆಯೇ ಎಂದು ಮಗು ಕೊನೆಯ ಸಲ ಜೋರಾಗಿ ತಟ್ಟಿ ನೋಡುವುದು ಅದು. ನಲವತ್ತು ನಿಮಿಷ ತಡೆದು ಆಮೇಲೆ ತೊಟ್ಟಿಲಿಗೆ ಹಾಕಿದರೆ, ನಲವತ್ತು ನಿಮಿಷ ಅತ್ತರೆ ತೊಟ್ಟಿಲು ಸಿಗುತ್ತದೆ ಎಂಬ ಪಾಠ ಕಲಿಸಿದ ಹಾಗಾಯಿತು. ನಿಮಗೆ ಆಗುವುದಿಲ್ಲವೆನಿಸಿದರೆ ಎರಡನೇ ನಿಮಿಷದಲ್ಲೇ ಬಿಟ್ಟುಬಿಡಿ, ಒಂದು ತಿಂಗಳು ಬಿಟ್ಟು ನೋಡಿ.

ಹಂತ 7: ರಾತ್ರಿಯ ಹಾಲು ಇಳಿಸುವುದು

ಆರು ತಿಂಗಳಿಗೆ ಮೊದಲು ಈ ಮಾತೇ ಬೇಡ. ಅದರ ಮೇಲೂ ಒಂದೆರಡು ಸಲ ಕುಡಿಯುವುದು ಸಹಜ. ನಿಮಗೆ ತೊಂದರೆಯಿಲ್ಲವೆಂದರೆ ಇಳಿಸಲೇಬೇಕೆಂದೇನಿಲ್ಲ.

ಇಳಿಸುವುದಾದರೆ ಗಡಿಯಾರ ನೋಡಿ. ಐದು ನಿಮಿಷದೊಳಗೆ ಮುಗಿಯುವ ಎದೆಹಾಲು ಹಸಿವಿಗಲ್ಲ, ಅದನ್ನು ಒಮ್ಮೆಲೇ ನಿಲ್ಲಿಸಿ ಹಂತ 6ರಂತೆ ಮಲಗಿಸಿ. ಹತ್ತು ನಿಮಿಷ ಕುಡಿಯುವುದಾದರೆ ಎರಡು ರಾತ್ರಿಗೊಮ್ಮೆ ಎರಡು ನಿಮಿಷ ಕಡಿಮೆ ಮಾಡಿ. ಬಾಟಲಿಯಾದರೆ ಎರಡು ರಾತ್ರಿಗೊಮ್ಮೆ 20ರಿಂದ 30 ಮಿಲಿ ಇಳಿಸಿ, 60 ಮಿಲಿಗೆ ಬಂದಾಗ ನಿಲ್ಲಿಸಿ. ಪೌಡರ್ ಕಡಿಮೆ ಮಾಡಿ ನೀರು ಹೆಚ್ಚಿಸುವುದು ಮಾತ್ರ ಎಂದೂ ಬೇಡ. ಕಡಿಮೆಯಾದಷ್ಟು ಹಾಲು ಹಗಲಿಗೆ ಸೇರಬೇಕು.

ಡಿಸೆಂಬರಿನಿಂದ ಕಾಫಿ ಕುಯ್ಲಿಗೆ ಹೋಗುವ ತಾಯಂದಿರಿಗೆ ಬೇರೊಂದು ತೊಡಕು. ಹಗಲು ಅಮ್ಮ ಸಿಗುವುದಿಲ್ಲ, ಮಗು ರಾತ್ರಿ ಸಾಲ ತೀರಿಸಿಕೊಳ್ಳುತ್ತದೆ. ಹೋಗುವ ಮುನ್ನ ಒಮ್ಮೆ, ಬಂದು ಕೈಕಾಲು ತೊಳೆದು ಬಟ್ಟೆ ಬದಲಿಸಿದ ಕೂಡಲೇ ಒಮ್ಮೆ, ಮಲಗುವ ಮುನ್ನ ಒಮ್ಮೆ ಹೊಟ್ಟೆ ತುಂಬ ಕೊಡಿ. ಹಿಂಡಿಟ್ಟ ಎದೆಹಾಲು ಮುಚ್ಚಿದ ಸ್ಟೀಲ್ ಬಟ್ಟಲಲ್ಲಿ, ತಂಪು ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಮಗುವನ್ನು ನೋಡಿಕೊಳ್ಳುವವರು ಒಳಲೆಯಲ್ಲೋ ಚಮಚದಲ್ಲೋ ಕುಡಿಸಲಿ.

ಬಾಯಿಗೆ ಹಾಕಬಾರದ್ದು

ನಿದ್ದೆ ಬರಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಗಸಗಸೆ ಅರೆದು ಕುಡಿಸುವುದು, ಮಳೆಗಾಲದಲ್ಲಿ ಬೆರಳಿಗೆ ಬ್ರಾಂದಿ ಹಚ್ಚಿ ಚೀಪಿಸುವುದು ಮೂರೂ ಬೇಡ. ಮೂರೂ ಮಂಪರು ಬರಿಸುತ್ತವೆ, ಎಳೆಗೂಸಿನಲ್ಲಿ ಮಂಪರಿಗೂ ಉಸಿರು ನಿಲ್ಲುವುದಕ್ಕೂ ಅಂತರ ಬಹಳ ಕಡಿಮೆ. ಜೇನು ಒಂದು ವರ್ಷದೊಳಗೆ ಬೇಡ. ಆರು ತಿಂಗಳೊಳಗೆ ಗ್ರೈಪ್ ವಾಟರ್, ಸಕ್ಕರೆ ನೀರು, ಬರೀ ನೀರು ಯಾವುದೂ ಬೇಡ.

ನೆಗಡಿಯ ಸಿರಪ್ ಕುಡಿಸಿದರೆ ಮಗು ಮಲಗುತ್ತದೆಂಬುದು ಬಹಳ ಮನೆಗಳ ಗುಟ್ಟು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ಸಿರಪ್‌ಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರೇ ಹೇಳಿದ್ದಾರೆ. ಮೂಗು ಕಟ್ಟಿದ್ದರೆ ಹಾಲಿಗೆ ಹತ್ತು ನಿಮಿಷ ಮೊದಲು ಸಲೈನ್ ಡ್ರಾಪ್ಸ್, ಹೊಳ್ಳೆಗೆ ಒಂದೆರಡು ಹನಿ. ಅಷ್ಟು ಸಾಕು.

ನಿದ್ದೆಯ ತೊಂದರೆಯಲ್ಲ, ಆಸ್ಪತ್ರೆಯ ಕೆಲಸ

ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಮಗು ಶಾಂತವಾಗಿರುವಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ಅಲ್ಲಿಂದ ವರ್ಷದವರೆಗೆ 50 ಅಥವಾ ಹೆಚ್ಚಿದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು ಮುಟ್ಟದಿದ್ದರೆ, ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಫೋನ್ ಮಾಡಿ. ಹಾಸನದ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ), ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ ಎರಡರಲ್ಲೂ ಮಕ್ಕಳ ವಿಭಾಗವಿದೆ. ಮೊದಲ ವಾರದಲ್ಲಿ ಮೈ ಹಳದಿಯಾಗಿ "ಬರೀ ಮಲಗುತ್ತೆ, ಪಾಪ ಒಳ್ಳೇ ಮಗು" ಎನ್ನಿಸುವ ಮಗುವನ್ನೂ ಅಂದೇ ತೋರಿಸಿ.

108ರ ಅವಸರವಿಲ್ಲದಿದ್ದರೂ ಡಾಕ್ಟರಿಗೆ ತೋರಿಸಬೇಕಾದವು: ದಿನವೂ ಗೊರಕೆ, ದಿನಕ್ಕೆ ಆರಕ್ಕಿಂತ ಕಡಿಮೆ ಒದ್ದೆ ಲಂಗೋಟಿ, ರಾತ್ರಿಯೇ ಹೆಚ್ಚಾಗುವ, ಬೆರಳ ಸಂದಿಯ, ಅಂಗೈ ಅಂಗಾಲಿನ ತುರಿಕೆ. ಕೊನೆಯದು ಹೆಚ್ಚಾಗಿ ಕಜ್ಜಿ, ಮನೆಯವರೆಲ್ಲರೂ ಒಂದೇ ದಿನ ಔಷಧ ಹಚ್ಚಿದರೆ ಮಾತ್ರ ಹೋಗುವಂಥದ್ದು. ಕಬ್ಬಿಣದಂಶ ಕಡಿಮೆಯಿದ್ದರೂ ರಾತ್ರಿ ಹೊರಳಾಟ ಹೆಚ್ಚು. ಆರು ತಿಂಗಳಿಂದ ವಾರಕ್ಕೆ ಎರಡು ಸಲ 1 ಮಿಲಿ ಕೊಡುವ ಸರ್ಕಾರಿ ಕಬ್ಬಿಣದ ಸಿರಪ್ ಆಶಾ ಕಾರ್ಯಕರ್ತೆಯ ಹತ್ತಿರ ಇರುತ್ತದೆ, ಕೇಳಿ. ಹುಟ್ಟಿದ 3, 7, 14, 21, 28, 42ನೇ ದಿನ ಮತ್ತು 3, 6, 9, 12, 15ನೇ ತಿಂಗಳಲ್ಲಿ ಅವರು ಮನೆಗೆ ಬರಬೇಕಾದದ್ದೇ; ನಿದ್ದೆಯ ಪ್ರಶ್ನೆಯನ್ನೂ ಅವತ್ತಿಗೆ ಬರೆದಿಟ್ಟುಕೊಳ್ಳಿ. ತಾಯಿಗೇ, ಮಗು ಮಲಗಿದಾಗಲೂ ನಿದ್ದೆ ಬರದೆ, ಎರಡು ವಾರ ಅಳು, ಬೇಜಾರು ಬಿಡದಿದ್ದರೆ ಅದನ್ನು "ಬಾಣಂತಿ ಸುಸ್ತು" ಎಂದು ತಳ್ಳಬೇಡಿ. ಅದಕ್ಕೂ ಡಾಕ್ಟರಿದ್ದಾರೆ.

ಮತ್ತೆ ಕೆಟ್ಟರೆ

ಕೆಡುತ್ತದೆ. ಎಂಟು ಹತ್ತನೇ ತಿಂಗಳಲ್ಲಿ ಅಮ್ಮ ಕಣ್ಮರೆಯಾದರೆ ಗಾಬರಿಯಾಗುವ ಕಾಲ ಬರುತ್ತದೆ, ನಿಲ್ಲಲು ಕಲಿತ ವಾರ ಮಗು ನಡುರಾತ್ರಿ ಎದ್ದು ನಿಂತು, ಕೂರಲು ಬಾರದೆ ಅಳುತ್ತದೆ. ಹಗಲು ಕೂರುವುದನ್ನು ಇಪ್ಪತ್ತು ಸಲ ಆಡಿಸಿ ಕಲಿಸಿ, ರಾತ್ರಿ ಸುಮ್ಮನೆ ಮಲಗಿಸಿ. ಹಲ್ಲು ಬರುವುದರ ಮೇಲೆ ಎಲ್ಲವನ್ನೂ ಹೊರಿಸುವುದುಂಟು, ಆದರೆ ಅದರ ಕಿರಿಕಿರಿ ಒಂದು ಹಲ್ಲಿಗೆ ನಾಲ್ಕಾರು ದಿನ, ತಿಂಗಳಲ್ಲ. ಜ್ವರ ಬಂದಾಗ ಹಂತ 6 ಪೂರ್ತಿ ಮರೆತು ಎತ್ತಿಕೊಂಡೇ ಮಲಗಿಸಿ. ಗುಣವಾಗಿ ಎರಡು ರಾತ್ರಿ ಕಳೆದ ಮೇಲೆ ನಾಲ್ಕನೇ ರಾತ್ರಿಯ ವಿಧಾನದಿಂದ ಶುರುಮಾಡಿ. ಎರಡನೇ ಸಲಕ್ಕೆ ಹನ್ನೆರಡು ರಾತ್ರಿ ಬೇಕಾಗುವುದಿಲ್ಲ, ಮೂರು ನಾಲ್ಕು ಸಾಕಾಗುತ್ತದೆ. ಗೌರಿ ಹಬ್ಬಕ್ಕೆ ತವರಿಗೆ ಹೋಗಿ ಬಂದರೂ ಇದೇ ಲೆಕ್ಕ. ಹೋಗುವಾಗ ಚೀಲ ಮತ್ತು ಹಾಸುಬಟ್ಟೆ ಮರೆಯದೆ ಬ್ಯಾಗಿಗೆ ಹಾಕಿಕೊಳ್ಳಿ.